ಮಂಚದ ಬದಿ ನಿಂತು ನೋಡಿ: ವೈದ್ಯ ವಿದ್ಯಾರ್ಥಿಗಳಿಗೆ ವೃತ್ತಿಯ ನಡವಳಿಕೆ ಕಲಿಸುವ ಬಗೆ

ಬೆಳಗಿನ ರೌಂಡ್ಸ್ ನಡೆದಿತ್ತು. ಮೂರನೇ ವರ್ಷದ ವಿದ್ಯಾರ್ಥಿನಿ ಕೇಸ್ ಹೇಳುತ್ತಿದ್ದಳು: ಐವತ್ತೆಂಟು ವರ್ಷದ ಪುರುಷ, ಉದ್ಯೋಗ ಕೂಲಿ, ಎರಡು ವರ್ಷದಿಂದ ಕೆಮ್ಮು, ಆರು ತಿಂಗಳಿಂದ ದಮ್ಮು, ಬೀಡಿ ಸಿಗರೇಟಿನ ಅಭ್ಯಾಸವಿಲ್ಲ. ಹೇಳಿದ ಕ್ರಮ ಅಚ್ಚುಕಟ್ಟಾಗಿತ್ತು, ಎದೆಯ ಪರೀಕ್ಷೆಯೂ ಸರಿಯಾಗಿತ್ತು. ‘ಯಾವ ಕೂಲಿ?’ ಎಂದು ಕೇಳಿದೆ. ಅವಳು ಕೇಸ್ ಶೀಟ್ ತಿರುವಿದಳು. ಮಂಚದ ಮೇಲಿದ್ದವರೇ ಉತ್ತರ ಕೊಟ್ಟರು: ‘ಮಂಡಕ್ಕಿ ಭಟ್ಟಿ ಸಾರ್. ಮೂವತ್ತು ವರ್ಷದಿಂದ ಒಲೆ ಮುಂದೆಯೇ ಇದ್ದೇನೆ.’

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಹೊಗೆಯನ್ನು ಕಾಣದವರು ಯಾರು? ಬೀಡಿ ಸೇದದ ಮನುಷ್ಯನಿಗೆ ದಮ್ಮು ಏಕೆ ಬಂತು ಎಂಬುದಕ್ಕೆ ಆ ಒಂದು ಮಾತಿನಲ್ಲಿ ದಾರಿ ಸಿಕ್ಕಿತ್ತು. ವಿದ್ಯಾರ್ಥಿನಿ ಅವರೊಂದಿಗೆ ಇಪ್ಪತ್ತು ನಿಮಿಷ ಕಳೆದಿದ್ದಳು. ಆ ಇಪ್ಪತ್ತು ನಿಮಿಷದಲ್ಲಿ ಅವಳು ಎಲ್ಲಿ ನಿಂತಿದ್ದಳು, ಹೇಗೆ ಕೇಳಿದಳು, ಅವರು ಹೇಳಹೊರಟಿದ್ದನ್ನು ಎಲ್ಲಿ ತಡೆದಳು ಎಂಬುದು ನನಗೆ ತಿಳಿದಿರಲಿಲ್ಲ. ನಾನು ಅಲ್ಲಿರಲೇ ಇಲ್ಲ. ನನ್ನ ಕಿವಿಗೆ ಬಿದ್ದದ್ದು ವರದಿ ಮಾತ್ರ. ವಾರ್ಡಿನಲ್ಲಿ ಪಾಠ ಮಾಡುವ ನಮ್ಮಲ್ಲಿ ಬಹುಪಾಲು ಜನ ವರದಿಯನ್ನು ತಿದ್ದುತ್ತೇವೆ, ಕೆಲಸವನ್ನು ನೋಡುವುದೇ ಇಲ್ಲ. ರೋಗಿಯೊಂದಿಗೆ ಮಾತು, ಒಪ್ಪಿಗೆ ಪಡೆಯುವ ರೀತಿ, ಕೆಟ್ಟ ಸುದ್ದಿ ಹೇಳುವ ಎದೆಗಾರಿಕೆ, ತಪ್ಪಾದಾಗ ಒಪ್ಪಿಕೊಳ್ಳುವ ಗುಣ ಇವೆಲ್ಲ ಕಣ್ಣಾರೆ ನೋಡಿದವರು ಅಲ್ಲಿಯೇ ಹೇಳಿಕೊಟ್ಟರೆ ಮಾತ್ರ ಬರುತ್ತವೆ.

ಅಮೆರಿಕದ ಜಾರ್ಜ್ ಮಿಲ್ಲರ್ 1990ರಲ್ಲಿ ಕಲಿಕೆಯನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದರು: ವಿಷಯ ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಮಾಡಿ ತೋರಿಸುವುದು, ಯಾರೂ ಹೇಳದಿದ್ದರೂ ದಿನನಿತ್ಯ ಮಾಡುವುದು. ಲಿಖಿತ ಪರೀಕ್ಷೆ ಮೊದಲ ಎರಡು ಮೆಟ್ಟಿಲನ್ನು ಅಳೆಯುತ್ತದೆ. ರೋಗಿಗೆ ಬೇಕಾದದ್ದು ನಾಲ್ಕನೆಯದು. ವಾರ್ಡಿನಲ್ಲಿ ಪಾಠ ಮಾಡುವ ಕಿರಿಯ ಅಧ್ಯಾಪಕರು, ಪಿಜಿ ವೈದ್ಯರು ನಾಳೆಯಿಂದಲೇ ಮಾಡಬಹುದಾದ ಕೆಲಸಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲನೆಯದು: ಒಂದು ದಿನಕ್ಕೆ ಒಂದೇ ಕೌಶಲ

‘ರೋಗಿಯೊಂದಿಗೆ ಚೆನ್ನಾಗಿ ಮಾತನಾಡಿ’ ಎಂದು ಹೇಳಿದರೆ ವಿದ್ಯಾರ್ಥಿಗೆ ಏನೂ ಹೇಳಿದಂತಾಗುವುದಿಲ್ಲ. ಕೌಶಲವನ್ನು ಕಣ್ಣಿಗೆ ಕಾಣುವಷ್ಟು ಚಿಕ್ಕದಾಗಿ ಒಡೆಯಿರಿ. ಸೋಮವಾರ: ಹೆಸರು ಹೇಳಿ, ವಿದ್ಯಾರ್ಥಿ ಎಂದು ತಿಳಿಸಿ, ‘ನಿಮ್ಮನ್ನು ಪರೀಕ್ಷೆ ಮಾಡಬಹುದೇ?’ ಎಂದು ಕೇಳುವುದು. ಮಂಗಳವಾರ: ಪರದೆ ಎಳೆದು, ಬೇಕಾದಷ್ಟೇ ಬಟ್ಟೆ ಸರಿಸಿ, ಪರೀಕ್ಷೆ ಮುಗಿದ ಮೇಲೆ ಹೊದಿಕೆ ಸರಿಪಡಿಸುವುದು. ಬುಧವಾರ: ರೋಗಿ ಮೊದಲ ಮಾತು ಮುಗಿಸುವವರೆಗೆ ಬಾಯಿ ಹಾಕದಿರುವುದು.

ಈ ಮೂರನೆಯದು ಸುಲಭವೆಂದು ತೋರಬಹುದು. ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ ಎಂಬ ಇಬ್ಬರು 1984ರಲ್ಲಿ ವೈದ್ಯರ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ನೋಡಿದಾಗ, ರೋಗಿ ಮಾತು ಶುರುಮಾಡಿ ಸರಾಸರಿ 18 ಸೆಕೆಂಡಿಗೆ ವೈದ್ಯರು ತಡೆಯುತ್ತಿದ್ದುದು ಕಂಡಿತು. ನುರಿತ ವೈದ್ಯರ ಪಾಡೇ ಹಾಗಿರುವಾಗ ವಿದ್ಯಾರ್ಥಿಗಳದ್ದು ಕೇಳಬೇಕೇ? ಗಡಿಯಾರ ಹಿಡಿದು ಅಳೆಯಲು ಒಬ್ಬ ವಿದ್ಯಾರ್ಥಿಗೆ ಇನ್ನೊಬ್ಬನನ್ನು ಜೊತೆಮಾಡಿ. ತನ್ನ ಅಂಕಿಯನ್ನು ಕಂಡವನು ಮರುದಿನ ತಾನಾಗಿಯೇ ನಿಧಾನಿಸುತ್ತಾನೆ.

ಎರಡನೆಯದು: ರೋಗಿಯ ಮಾತಿನ ಪುಸ್ತಕ

1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಾಗಿನಿಂದ ದಾವಣಗೆರೆಗೆ ಬೇರೆ ಬೇರೆ ರಾಜ್ಯಗಳ ಮಕ್ಕಳು ವೈದ್ಯಕೀಯ ಓದಲು ಬರುತ್ತಿದ್ದಾರೆ. ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೆ ಜಾಗವಿದೆ. ಅಲ್ಲಿ ಕಲಿತ ‘ನಿಮ್ಮ ಹೆಸರೇನು’ ಎಂಬಷ್ಟು ಕನ್ನಡ ಜಗಳೂರಿನಿಂದ ಬಂದ ಅಜ್ಜಿಯ ಹೊಟ್ಟೆನೋವನ್ನು ತಿಳಿಯಲು ಸಾಲದು. ನಮ್ಮದೇ ಊರಿನ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೂ ಇದೇ ಕಷ್ಟ ಎಂಬುದನ್ನು ನಾವು ಮರೆಯುತ್ತೇವೆ.

ಪ್ರತಿ ವಿದ್ಯಾರ್ಥಿಯೂ ಜೇಬಿನಲ್ಲಿ ಹಿಡಿಯುವ ಚಿಕ್ಕ ಪುಸ್ತಕ ಇಟ್ಟುಕೊಳ್ಳಲಿ. ವಾರಕ್ಕೆ ಹತ್ತು ಮಾತುಗಳನ್ನು ರೋಗಿಗಳ ಬಾಯಿಂದ ಕೇಳಿದಂತೆಯೇ ಬರೆದುಕೊಳ್ಳಲಿ: ದಮ್ಮು, ಜೋಮು, ಬವಳಿ, ಹೊಟ್ಟೆ ಉಬ್ಬರ, ಉರಿಮೂತ್ರ, ಬಿಳಿಸೆರಗು, ಲಕ್ವ. ಪದದ ಅರ್ಥವನ್ನಷ್ಟೇ ಬರೆದರೆ ಪ್ರಯೋಜನವಿಲ್ಲ. ಆ ಪದ ಕಿವಿಗೆ ಬಿದ್ದ ಕೂಡಲೇ ಮುಂದೆ ಕೇಳಬೇಕಾದ ಪ್ರಶ್ನೆಯನ್ನೂ ಕನ್ನಡದಲ್ಲೇ ಬರೆಯಬೇಕು. ‘ತಲೆ ಸುತ್ತುತ್ತದೆ’ ಎಂಬ ಮಾತನ್ನೇ ನೋಡಿ. ಮನೆಯೇ ಗಿರ್ರನೆ ತಿರುಗಿದಂತಾಗುತ್ತದೆಯೇ? ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುತ್ತದೆಯೇ? ನಡೆಯುವಾಗ ಕಾಲು ಓಲಾಡುತ್ತದೆಯೇ? ಅಥವಾ ಬರಿಯ ಸುಸ್ತೇ? ಮೊದಲನೆಯದಾದರೆ ಒಳಗಿವಿಯ ಕಡೆ, ಎರಡನೆಯದಾದರೆ ರಕ್ತದೊತ್ತಡ, ಹೃದಯ, ರಕ್ತಹೀನತೆಯ ಕಡೆ, ಮೂರನೆಯದಾದರೆ ನರಗಳ ಕಡೆ ಯೋಚನೆ ಹರಿಯುತ್ತದೆ. ಈ ಪ್ರಶ್ನೆಗಳು ಬಾರದ ವಿದ್ಯಾರ್ಥಿ ಎಷ್ಟು ದಪ್ಪನೆಯ ಗ್ರಂಥ ಓದಿದ್ದರೂ ಆ ರೋಗಿಯ ಮುಂದೆ ಬರಿಗೈಯಲ್ಲಿರುತ್ತಾನೆ.

ಕಾಲದ ಲೆಕ್ಕವೂ ಹಾಗೆಯೇ. ‘ಎಷ್ಟು ದಿನದಿಂದ?’ ಎಂದರೆ ‘ಬಾಳ ದಿನ ಆಯ್ತು’ ಎಂಬ ಉತ್ತರ ಬರುತ್ತದೆ. ದುಗ್ಗಮ್ಮನ ಜಾತ್ರೆಗೆ ಮೊದಲೋ ಆಮೇಲೋ, ಮೆಕ್ಕೆಜೋಳ ಬಿತ್ತುವಾಗ ಇತ್ತೋ, ಮುರಿಯುವಾಗ ಶುರುವಾಯಿತೋ ಎಂದು ಕೇಳಿದರೆ ತಿಂಗಳು ಸಿಗುತ್ತದೆ. ಚಳ್ಳಕೆರೆ ಕಡೆಯವರಾದರೆ ನಾಯಕನಹಟ್ಟಿ ಜಾತ್ರೆ, ಶೇಂಗಾ ಕೀಳುವ ಕಾಲ. ಹೊರಗಿನ ವಿದ್ಯಾರ್ಥಿಗಳಿಗೆ ಇದನ್ನು ಕಲಿಸುವಾಗ ಅವರ ಮುಖದಲ್ಲಿ ಮೂಡುವ ಕುತೂಹಲ ನೋಡುವುದೇ ನನಗೊಂದು ಸಂತೋಷ.

ಒಂದನ್ನು ಮಾತ್ರ ಮೊದಲ ದಿನವೇ ಕಲಿಸಿಬಿಡಿ: ‘ನೀವು’. ಕನ್ನಡ ಹೊಸದಾದ ಹುಡುಗರು ಎಪ್ಪತ್ತರ ಹಿರಿಯರಿಗೆ ‘ನೀನು ಬಾ, ನೀನು ಮಲಗು’ ಎನ್ನುವುದುಂಟು. ಅವರಿಗೆ ವ್ಯತ್ಯಾಸ ಗೊತ್ತಿಲ್ಲ, ಆದರೆ ಮಂಚದ ಮೇಲಿರುವವರಿಗೆ ಅದು ಚುಚ್ಚುತ್ತದೆ. ಅಜ್ಜ, ಅಮ್ಮ, ಅಣ್ಣ, ಅಕ್ಕ ಎಂದು ಕರೆದು ‘ನೀವು’ ಎಂದರೆ ಸಾಕು, ಉಳಿದ ವ್ಯಾಕರಣವನ್ನು ರೋಗಿಗಳೇ ತಿದ್ದಿಕೊಡುತ್ತಾರೆ.

ಮೂರನೆಯದು: ಐದು ನಿಮಿಷ ಮಾತಾಡದೆ ನೋಡಿ

ಇದೇ ಎಲ್ಲದರ ತಿರುಳು. ಜಾನ್ ನಾರ್ಸಿನಿ ಮತ್ತು ಸಂಗಡಿಗರು 1995ರಲ್ಲಿ ಮುಂದಿಟ್ಟ ಮಿನಿ ಸಿಇಎಕ್ಸ್ ಎಂಬ ಪದ್ಧತಿ ಇದನ್ನೇ ಹೇಳುತ್ತದೆ: ನಿಜವಾದ ರೋಗಿಯೊಂದಿಗೆ ಕಲಿಯುವವನು ಮಾಡುವ ಕೆಲಸದ ಒಂದು ತುಣುಕನ್ನು ಕಲಿಸುವವನು ಖುದ್ದಾಗಿ ನೋಡಬೇಕು, ನೋಡಿದ ತಕ್ಷಣ ಅಭಿಪ್ರಾಯ ಹೇಳಬೇಕು. ನಮ್ಮ ವಾರ್ಡಿನ ಗದ್ದಲಕ್ಕೆ ಹೊಂದಿಸಿ ನಾನು ಅದನ್ನು ಐದು ನಿಮಿಷಕ್ಕೆ ಇಳಿಸಿಕೊಂಡಿದ್ದೇನೆ.

ಮೊದಲು ರೋಗಿಯ ಒಪ್ಪಿಗೆ ಕೇಳಿ. ನೋವಿನಲ್ಲಿರುವವರು, ಉಸಿರಿಗೆ ಕಷ್ಟಪಡುತ್ತಿರುವವರು, ಬೆಳಗಿನಿಂದ ನಾಲ್ಕು ಜನ ವಿದ್ಯಾರ್ಥಿಗಳಿಗೆ ಉತ್ತರ ಹೇಳಿ ದಣಿದವರು ಬೇಡ. ಆಮೇಲೆ ವಿದ್ಯಾರ್ಥಿಯ ಬೆನ್ನ ಹಿಂದೆ ಸ್ವಲ್ಪ ಪಕ್ಕಕ್ಕೆ, ರೋಗಿಯ ನೇರ ನೋಟಕ್ಕೆ ಸಿಗದಂತೆ ನಿಲ್ಲಿ. ರೋಗಿಯ ಎದುರಿಗೇ ನಿಂತರೆ ಅವರು ವಿದ್ಯಾರ್ಥಿಯನ್ನು ಬಿಟ್ಟು ನಿಮ್ಮೊಂದಿಗೆ ಮಾತಾಡತೊಡಗುತ್ತಾರೆ. ಕೈಯಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಅಭಿಪ್ರಾಯ ಬರೆಯಬೇಡಿ, ಕಂಡದ್ದನ್ನು ಕಂಡಂತೆ ಬರೆಯಿರಿ. ‘ಸಂವೇದನೆ ಕಡಿಮೆ’ ಎಂದು ಬರೆದರೆ ಆಮೇಲೆ ಜಗಳ. ‘ರೋಗಿ “ಮಗ ತೀರಿಕೊಂಡ ಮೇಲೆ ಶುರುವಾಯಿತು” ಎಂದರು, ವಿದ್ಯಾರ್ಥಿ “ಜ್ವರ ಇತ್ತಾ?” ಎಂದು ಕೇಳಿದ’ ಎಂದು ಬರೆದರೆ ಅವನೇ ಓದಿ ತಲೆತಗ್ಗಿಸುತ್ತಾನೆ. ರೋಗಿಗೆ ಅಪಾಯವಾಗುವಂತಿದ್ದರೆ ಮಾತ್ರ ನಡುವೆ ಬಾಯಿ ಹಾಕಿ. ಸುಮ್ಮನಿರುವುದು ಅಧ್ಯಾಪಕರಿಗೆ ಬಹಳ ಕಷ್ಟ. ಬಾಯಿಗೆ ಬಂದ ತಿದ್ದುಪಡಿಯನ್ನು ನುಂಗಿಕೊಳ್ಳುವುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು.

ಸಮಯವಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಲೆಕ್ಕ ಹಾಕಿ: ವಾರ್ಡಿನಲ್ಲಿ ಕೆಲವು ವಾರ ಕಲಿಯುವ ಪೋಸ್ಟಿಂಗ್‌ಗೆ ಹದಿನೈದು ಜನ ಬಂದಿದ್ದಾರೆ ಎನ್ನೋಣ. ದಿನಕ್ಕೆ ಇಬ್ಬರನ್ನು ನೋಡಿದರೆ ಎಂಟು ದಿನದಲ್ಲಿ ಎಲ್ಲರನ್ನೂ ಒಮ್ಮೆ ನೋಡಿದಂತಾಯಿತು. ನೋಡಲು ಐದು ನಿಮಿಷ, ಹೇಳಲು ಐದು ನಿಮಿಷ, ದಿನಕ್ಕೆ ಇಪ್ಪತ್ತು ನಿಮಿಷ. ರೌಂಡ್ಸ್ ಮುಗಿದ ಮೇಲೆ ಚಹಾ ಬರುವಷ್ಟರಲ್ಲಿ ಆಗುವ ಕೆಲಸ.

ನಾಲ್ಕನೆಯದು: ಹೇಳುವುದು ಎಲ್ಲಿ, ಹೇಗೆ

ರೋಗಿಯ ಮುಂದೆ ಬೇಡ. ವರಾಂಡದ ಕೊನೆ, ಡ್ಯೂಟಿ ರೂಮ್, ಎಲ್ಲಾದರೂ ಸರಿ, ಆದರೆ ಅದೇ ಹೊತ್ತಿಗೆ ಹೇಳಬೇಕು. ಮೊದಲು ‘ಹೇಗಾಯಿತು ಅನ್ನಿಸಿತು?’ ಎಂದು ಕೇಳಿ. ಸಾಮಾನ್ಯವಾಗಿ ಅರ್ಧ ತಪ್ಪುಗಳನ್ನು ಅವರೇ ಹೇಳುತ್ತಾರೆ. ಆಮೇಲೆ ಒಂದು ಒಳ್ಳೆಯ ಸಂಗತಿ, ಒಂದು ಬದಲಾಗಬೇಕಾದ ಸಂಗತಿ. ಎರಡೂ ಚೀಟಿಯಿಂದಲೇ ಬರಲಿ. ‘ಚೆನ್ನಾಗಿತ್ತು, ಇನ್ನೂ ಸ್ವಲ್ಪ ಸುಧಾರಿಸಬೇಕು’ ಎಂಬ ಮಾತು ಯಾರಿಗೂ ಬೇಡ. ‘ಹೊಟ್ಟೆ ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೆ, ಅದು ಒಳ್ಳೆಯದಾಯಿತು. ನೋವಿರುವ ಜಾಗವನ್ನೇ ಮೊದಲು ಒತ್ತಿದೆ, ಅವರು ಹೊಟ್ಟೆ ಬಿಗಿಹಿಡಿದರು, ಆಮೇಲೆ ನಿನಗೆ ಏನೂ ಸಿಗಲಿಲ್ಲ. ಮುಂದಿನ ಮಂಚದಲ್ಲಿ ದೂರದಿಂದ ಶುರುಮಾಡು.’ ಹೀಗೆ ಹೇಳಿ, ಮುಂದಿನ ಮಂಚಕ್ಕೆ ಕರೆದುಕೊಂಡು ಹೋಗಿ ಅದನ್ನು ಮಾಡಿಸಿ. ಮಾಡಿಸದೆ ಬಿಟ್ಟ ಸಲಹೆ ಅಲ್ಲಿಗೇ ಉಳಿಯುತ್ತದೆ.

ಗದರಿಸುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಓದುತ್ತಿದ್ದಾಗ ಒಬ್ಬ ಅಧ್ಯಾಪಕರು ನನ್ನ ಕೇಸ್ ಶೀಟನ್ನು ರೋಗಿಯ ಮುಂದೆಯೇ ನೆಲಕ್ಕೆ ಎಸೆದರು. ಕಾಲಿನ ನಾಡಿಗಳನ್ನು ನೋಡಿದೆಯಾ ಎಂದು ಕೇಳಿದ್ದರು, ನಾನು ‘ಇಲ್ಲ ಸಾರ್’ ಎಂದಿದ್ದೆ. ಆ ದಿನದಿಂದ ನಾನು ಕಲಿತದ್ದು ನಾಡಿ ನೋಡುವುದನ್ನಲ್ಲ, ನೋಡದಿದ್ದರೂ ‘ನೋಡಿದೆ, ಸರಿಯಾಗಿದೆ’ ಎನ್ನುವುದನ್ನು. ಅದರಿಂದ ಹೊರಬರಲು ನನಗೆ ಹೌಸ್ ಸರ್ಜನ್ಸಿಯ (ಓದು ಮುಗಿದ ಮೇಲಿನ ಆಸ್ಪತ್ರೆ ತರಬೇತಿಯ) ಒಂದು ಭಯಾನಕ ರಾತ್ರಿ ಬೇಕಾಯಿತು. ಅಂದು ನಾನು ಹೇಳಿದ ಸುಳ್ಳು ‘ಸರಿಯಾಗಿದೆ’ಯನ್ನು ನಂಬಿ ಹಿರಿಯ ವೈದ್ಯರು ಒಂದು ತಾಸು ತಡವಾಗಿ ಬಂದರು. ರೋಗಿ ಉಳಿದರು. ನಾನು ಮಾತ್ರ ಆ ತಾಸನ್ನು ಇಂದಿಗೂ ಮರೆತಿಲ್ಲ.

ಆದ್ದರಿಂದ ನನ್ನ ಯೂನಿಟ್ಟಿನಲ್ಲಿ ಒಂದು ನಿಯಮವಿದೆ. ‘ನೋಡಿಲ್ಲ’ ಎಂದವರನ್ನು ಯಾರೂ ಬೈಯುವಂತಿಲ್ಲ. ‘ಸರಿ, ಈಗ ಹೋಗಿ ನೋಡಿಕೊಂಡು ಬಾ’ ಎನ್ನಬೇಕು, ಅಷ್ಟೇ. ನೋಡದೆ ‘ನೋಡಿದೆ’ ಎಂದವರೊಂದಿಗೆ ಮಾತ್ರ ನಾನು ಬಾಗಿಲು ಹಾಕಿ ಮಾತನಾಡುತ್ತೇನೆ. ವೃತ್ತಿಯ ಪ್ರಾಮಾಣಿಕತೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಐದನೆಯದು: ಕೈಕೆಲಸ ಕಲಿಸುವಾಗ ಬಾಯಿಗೂ ಕೆಲಸ

ರಕ್ತನಾಳಕ್ಕೆ ಕ್ಯಾನುಲಾ ಹಾಕುವುದು, ಮೂತ್ರಕ್ಕೆ ಕ್ಯಾಥೆಟರ್ ಹಾಕುವುದು, ಹೊಲಿಗೆ ಇವಕ್ಕೆ ಶಸ್ತ್ರವೈದ್ಯ ಪೇಟನ್ ಅವರ ನಾಲ್ಕು ಹಂತಗಳು ಚೆನ್ನಾಗಿ ಹೊಂದುತ್ತವೆ. ಮೊದಲು ಅಧ್ಯಾಪಕರು ಮಾತಿಲ್ಲದೆ ಎಂದಿನ ವೇಗದಲ್ಲಿ ಮಾಡಿ ತೋರಿಸಬೇಕು. ಎರಡನೆಯ ಸಲ ಪ್ರತಿ ಹೆಜ್ಜೆಯನ್ನೂ ವಿವರಿಸುತ್ತ ಮಾಡಬೇಕು. ಮೂರನೆಯ ಸಲ ವಿದ್ಯಾರ್ಥಿ ಹೆಜ್ಜೆ ಹೆಜ್ಜೆಯಾಗಿ ಹೇಳಬೇಕು, ಅಧ್ಯಾಪಕರು ಅವನು ಹೇಳಿದಂತೆ ಮಾಡಬೇಕು. ನಾಲ್ಕನೆಯ ಸಲ ವಿದ್ಯಾರ್ಥಿಯೇ ಹೇಳುತ್ತ ಮಾಡಬೇಕು. ಮೂರನೆಯದನ್ನು ಬಹಳ ಜನ ಹಾರಿಸಿಬಿಡುತ್ತಾರೆ, ತಿಳಿದಿದ್ದೂ ತಿಳಿಯದ್ದೂ ಹೊರಬೀಳುವುದು ಅಲ್ಲಿಯೇ.

ಸ್ಕಿಲ್ ಲ್ಯಾಬಿನ ರಬ್ಬರ್ ತೋಳು ನೋವೆನ್ನುವುದಿಲ್ಲ. ಅದನ್ನು ಒಬ್ಬ ಸಹಪಾಠಿಯ ತೋಳಿನ ಪಕ್ಕಕ್ಕೆ ಇಟ್ಟು ಮೇಲೆ ಬಟ್ಟೆ ಹೊದಿಸಿ, ಅವನು ‘ಅಯ್ಯೋ, ಎಷ್ಟು ಸಲ ಚುಚ್ಚುತ್ತೀರಿ?’ ಎಂದು ಕೇಳಲಿ. ಸೂಜಿ ಹಿಡಿದವನು ಕೈ ನಡುಗದಂತೆ ಉತ್ತರವನ್ನೂ ಕೊಡುವುದನ್ನು ಕಲಿಯುತ್ತಾನೆ.

ಕೈ ತೊಳೆಯುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅವಧಿ ಸೋಪಿನಿಂದಾದರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಉಜ್ಜಿದರೆ 20ರಿಂದ 30 ಸೆಕೆಂಡ್. ಇದಕ್ಕೆ ಬೇರೆ ಪಾಠ ಬೇಡ. ಪ್ರತಿ ಮಂಚದಿಂದ ಮುಂದಿನ ಮಂಚಕ್ಕೆ ಹೋಗುವಾಗ ನೀವು ಕೈ ಉಜ್ಜಿಕೊಳ್ಳಿ, ಸಾಲಾಗಿ ಎಲ್ಲರೂ ಉಜ್ಜಿಕೊಳ್ಳುತ್ತಾರೆ. ನೀವು ಬಿಟ್ಟ ದಿನ ಅವರೂ ಬಿಡುತ್ತಾರೆ.

ಆರನೆಯದು: ಒಪ್ಪಿಗೆ ಮತ್ತು ಕೆಟ್ಟ ಸುದ್ದಿ

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವ ಕೆಲಸ ಹೌಸ್ ಸರ್ಜನ್ನರ ಪಾಲಿಗೆ ಬರುತ್ತದೆ. ಸಾಕಷ್ಟು ಮಾಹಿತಿ ಕೊಟ್ಟು ಪಡೆದ ಒಪ್ಪಿಗೆಯೇ ಒಪ್ಪಿಗೆ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಗೂ ಕೊಟ್ಟದ್ದೆಂದು ತಿಳಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಕಲಿಸಲು ಸುಲಭದ ದಾರಿ: ಹರ್ನಿಯಾ ಆಪರೇಶನ್ನಿನ ಒಪ್ಪಿಗೆಯನ್ನು ಒಂದೂ ಇಂಗ್ಲಿಷ್ ವೈದ್ಯಕೀಯ ಪದವಿಲ್ಲದೆ ವಾರ್ಡಿನ ಆಯಾಗೆ ವಿವರಿಸಲು ಹೇಳಿ. ವಿವರಿಸಿದ ಮೇಲೆ ‘ನಾನು ಹೇಳಿದ್ದನ್ನು ಮನೆಯವರಿಗೆ ನೀವು ಹೇಗೆ ಹೇಳುತ್ತೀರಿ?’ ಎಂದು ಅವರನ್ನು ಕೇಳಬೇಕು. ಅವರು ಹೇಳಿದ್ದರಲ್ಲಿ ಏನು ಬಿಟ್ಟುಹೋಗಿದೆಯೋ ಅದು ವಿವರಿಸಿದವನ ಕೊರತೆ.

ಕೆಟ್ಟ ಸುದ್ದಿಗೆ 2000ದಲ್ಲಿ ಪ್ರಕಟವಾದ ಸ್ಪೈಕ್ಸ್ ಎಂಬ ಆರು ಹೆಜ್ಜೆಯ ಕ್ರಮವಿದೆ: ಜಾಗ ಸಿದ್ಧಮಾಡಿಕೊಳ್ಳುವುದು, ರೋಗಿಗೆ ಈಗಾಗಲೇ ಏನು ತಿಳಿದಿದೆ ಎಂದು ಕೇಳುವುದು, ಎಷ್ಟು ತಿಳಿಯಬೇಕೆಂದಿದ್ದಾರೆ ಎಂದು ಕೇಳುವುದು, ಸುದ್ದಿ ಹೇಳುವುದು, ಅವರ ದುಃಖಕ್ಕೆ ಜಾಗ ಕೊಡುವುದು, ಮುಂದಿನ ದಾರಿ ಹೇಳುವುದು. ಇದನ್ನು ಬಾಯಿಪಾಠ ಮಾಡಿಸಿದರೆ ಬಾರದು, ಪಾತ್ರ ಹಾಕಿ ಆಡಿಸಬೇಕು. ತರಬೇತಿ ಪಡೆದ ನಟರನ್ನು ರೋಗಿಗಳನ್ನಾಗಿ ಕೂರಿಸುವ ಪದ್ಧತಿಯನ್ನು ಹೋವರ್ಡ್ ಬ್ಯಾರೋಸ್ 1963ರಲ್ಲಿ ಶುರುಮಾಡಿದರು. ನಮಗೆ ನಟರು ಸಿಗುವುದಿಲ್ಲ ಎಂದುಕೊಳ್ಳಬೇಕಿಲ್ಲ, ಹಿರಿಯ ಸಿಸ್ಟರ್‌ಗಳಿಗಿಂತ ಚೆನ್ನಾಗಿ ರೋಗಿಯ ಮನೆಯವರ ಪಾತ್ರ ಮಾಡುವವರನ್ನು ನಾನು ಕಂಡಿಲ್ಲ. ಅವರು ಇಪ್ಪತ್ತು ವರ್ಷ ಆ ಮುಖಗಳನ್ನು ನೋಡಿದ್ದಾರೆ.

ನಾನು ಆಡಿಸುವ ಸನ್ನಿವೇಶ ಇದು: ಚಳ್ಳಕೆರೆ ಕಡೆಯ ಅರವತ್ತೆರಡರ ರೈತ, ಜಠರದ ಕ್ಯಾನ್ಸರ್. ಕೋಣೆಯ ಹೊರಗೇ ಹಿರಿಯ ಮಗ ವಿದ್ಯಾರ್ಥಿಯ ಕೈ ಹಿಡಿದು ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಎದೆ ಒಡೆದುಕೊಳ್ಳುತ್ತಾರೆ’ ಎನ್ನುತ್ತಾನೆ. ಇಲ್ಲಿ ನಿಯಮ ಹೇಳಿ ಮಗನ ಬಾಯಿ ಮುಚ್ಚಿಸುವ ವಿದ್ಯಾರ್ಥಿಯೂ, ‘ಆಯಿತು’ ಎಂದು ತಪ್ಪಿಸಿಕೊಳ್ಳುವ ವಿದ್ಯಾರ್ಥಿಯೂ ಎಡವುತ್ತಾರೆ. ‘ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಎಷ್ಟು ತಿಳಿಯಬೇಕು ಎಂದು ಅವರನ್ನೇ ಕೇಳುತ್ತೇನೆ. ಬೇಡ ಎಂದರೆ ಹೇಳುವುದಿಲ್ಲ. ನೀವೂ ಜೊತೆಗೇ ಕೂತಿರಿ’ ಎಂಬ ಮಾತು ನಾಲ್ಕೈದು ಸಲ ಆಡಿದ ಮೇಲೆ ಅವರ ಬಾಯಲ್ಲಿ ಸಹಜವಾಗುತ್ತದೆ. ಒಳಗೆ ಅಪ್ಪನ ಹತ್ತಿರ: ‘ಪರೀಕ್ಷೆಯ ವಿವರವನ್ನೆಲ್ಲ ನಿಮಗೇ ಹೇಳಲೇ, ಮಗನಿಗೆ ಹೇಳಲೇ?’ ‘ನನಗೇ ಹೇಳಿ’ ಎಂದರೆ, ಚಿಕ್ಕ ವಾಕ್ಯದಲ್ಲಿ, ‘ಗಡ್ಡೆ’ ಎಂಬಲ್ಲಿಗೆ ನಿಲ್ಲಿಸದೆ, ‘ಅದು ಕ್ಯಾನ್ಸರ್’ ಎಂದು ಹೇಳಬೇಕು. ಹೇಳಿ ಸುಮ್ಮನಾಗಬೇಕು. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಲು ನಾನು ಹೇಳುತ್ತೇನೆ. ನಾಲ್ಕಕ್ಕೇ ಎಲ್ಲರೂ ಕೀಮೋಥೆರಪಿಯ ಬಗ್ಗೆ ಮಾತು ಶುರುಮಾಡಿಬಿಡುತ್ತಾರೆ, ಆ ಮೌನ ಅಷ್ಟು ಭಾರ. ಆಟ ಮುಗಿದ ಮೇಲೆ ಮೊದಲು ಮಾತನಾಡಬೇಕಾದವರು ಅಪ್ಪನ ಮತ್ತು ಮಗನ ಪಾತ್ರ ಮಾಡಿದವರು, ಅಧ್ಯಾಪಕರು ಕೊನೆಗೆ.

ಏಳನೆಯದು: ಮನೆಗೆ ಕಳಿಸಿ

ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಈಗ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳಿಗೆ ಹೋಗಿಬರುತ್ತಾರೆ. ನಮೂನೆ ತುಂಬಿಸಿಕೊಂಡು ಬಂದರೆ ಅದೊಂದು ಪ್ರವಾಸ. ನಾನು ಕೊಡುವ ಕೆಲಸ ಎರಡು. ಒಂದು, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ನೋಡಿ, ಮಕ್ಕಳ ಹಲ್ಲು ನೋಡಿ. ಚಿತ್ರದುರ್ಗ ಜಿಲ್ಲೆಯಲ್ಲೂ ಜಗಳೂರು ಕಡೆಯೂ ಕೊಳವೆಬಾವಿಯ ನೀರಿನಲ್ಲಿ ಹಲ್ಲಿಗೆ ಕಲೆ ಹಿಡಿಸುವಷ್ಟು ಫ್ಲೋರೈಡ್ ಇರುವ ಊರುಗಳಿವೆ. ಎರಡು, ಮನೆಯ ಔಷಧಿಯನ್ನೆಲ್ಲ ಚಾಪೆಯ ಮೇಲೆ ಹರಡಿ ಕೂರಿ. ಒಬ್ಬ ವಿದ್ಯಾರ್ಥಿ ಹೀಗೆ ಕೂತಾಗ ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲದಿಂದ ಮೂರು ಡಿಸ್ಚಾರ್ಜ್ ಕಾರ್ಡುಗಳು ಹೊರಬಂದವು. ಅವುಗಳಲ್ಲಿ ಒಂದೇ ಬಿಪಿ ಮಾತ್ರೆ ಎರಡು ಹೆಸರಿನಲ್ಲಿತ್ತು. ಅಜ್ಜಿ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು, ಬವಳಿ ಬಂದು ಎರಡು ಸಲ ಬಿದ್ದಿದ್ದರು. ಆ ಹುಡುಗ ಈಗ ಡಿಸ್ಚಾರ್ಜ್ ಕಾರ್ಡ್ ಬರೆಯುವಾಗ ಹಳೆಯ ಮಾತ್ರೆಗಳನ್ನು ತರಿಸಿ ನೋಡದೆ ಪೆನ್ನು ಎತ್ತುವುದಿಲ್ಲ.

ಕೊನೆಯದು: ಅಳತೆ

ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದನ್ನು ಅಳೆಯುವ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಎಂಬಿಬಿಎಸ್‌ಗೆ 2019ರ ತಂಡದಿಂದ ಜಾರಿಗೆ ಬಂದಿದೆ. ಮನೋಭಾವ, ನೀತಿ, ಸಂವಹನಕ್ಕೆಂದೇ ಏಟ್‌ಕಾಮ್ ಎಂಬ ಪಾಠಸರಣಿಯೂ ಅದರಲ್ಲಿದೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಪೋಸ್ಟಿಂಗ್ ಮುಗಿಯುವ ಸಂಜೆ ವಿದ್ಯಾರ್ಥಿಗಳು ಮಾಡಿದ ಕೆಲಸ ದಾಖಲಿಸುವ ರಾಶಿ ಲಾಗ್ ಬುಕ್ಕುಗಳಿಗೆ ಒಟ್ಟಿಗೇ ಸಹಿ ಹಾಕಿದರೆ ಅದಷ್ಟೂ ನೀರಿನಲ್ಲಿ ಹೋಮ. ನೀವು ಕಣ್ಣಾರೆ ನೋಡಿದ ದಿನಾಂಕ ಮತ್ತು ರೋಗಿಯ ತೊಂದರೆಯನ್ನು ಎದುರಿಗೇ ಬರೆದು ಸಹಿ ಮಾಡಿ, ನೋಡದಿದ್ದನ್ನು ಖಾಲಿ ಬಿಡಿ.

ಪರೀಕ್ಷೆಗೆ ಆಸ್ಕಿ ಇದೆ, ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪರಿಚಯಿಸಿದ್ದು: ವಿದ್ಯಾರ್ಥಿ ಒಂದಾದ ಮೇಲೊಂದು ಮೇಜಿಗೆ ಹೋಗುತ್ತಾನೆ, ಪ್ರತಿ ಮೇಜಿನಲ್ಲೂ ಒಂದೊಂದು ಕೆಲಸ, ಎಲ್ಲರಿಗೂ ಒಂದೇ ಅಳತೆ. ಸಂವಹನದ ಮೇಜಿನಲ್ಲಿ ಪರೀಕ್ಷಕರ ಪಟ್ಟಿಯ ಜೊತೆಗೆ, ರೋಗಿಯ ಪಾತ್ರ ಮಾಡಿದವರ ಕೈಯಲ್ಲೂ ಒಂದು ಚೀಟಿ ಕೊಡಿ, ಎರಡು ಅಂಕ ಅವರದ್ದೇ ಆಗಿರಲಿ. ಅದರಲ್ಲಿ ಒಂದೇ ಪ್ರಶ್ನೆ: ‘ಮುಂದಿನ ಸಲ ಕಾಯಿಲೆಯಾದರೆ ಇವರ ಹತ್ತಿರವೇ ಬರುತ್ತೀರಾ?’ ಇಲ್ಲ ಎಂದಿದ್ದರೆ ಏಕೆಂದು ಒಂದು ಸಾಲು ಬರೆಸಿಕೊಳ್ಳಿ, ಆ ಚೀಟಿಯನ್ನು ವಿದ್ಯಾರ್ಥಿಗೆ ಅದೇ ಸಂಜೆ ಕೊಡಿ.